ನೀಲಗಿರಿ ಗಂಟು: ತರಿಸಿದ್ದು ಯಾವ ಕಣಜ, ತಿನ್ನುವುದು ಯಾವ ಕಣಜ?

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ನೀಲಗಿರಿ ತೋಪುಗಳ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ತಲೆ ಕೆಡುತ್ತದೆ. ಸಣ್ಣ ಕಣಜವೊಂದು ನೀಲಗಿರಿ ಚಿಗುರಿಗೆ ಗಂಟು ತರಿಸುತ್ತಿದೆ, ಮರ ಏಳುತ್ತಿಲ್ಲ ಎನ್ನುತ್ತದೆ ಒಂದು ಸುದ್ದಿ. ಆ ಗಂಟಿಗೆ ಮದ್ದಾಗಿ ವಿಜ್ಞಾನಿಗಳು ನಂಬಿಕೊಂಡಿರುವುದೂ ಕಣಜವನ್ನೇ ಎನ್ನುತ್ತದೆ ಇನ್ನೊಂದು. ಅತ್ತ ಸರ್ಕಾರ 2017ರಲ್ಲೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದೆ. ಇವುಗಳ ನಡುವೆ ‘ಹೊಸ ಜಾತಿಯ ಕಣಜ ಪತ್ತೆ’, ‘ಕಣಜಗಳ ವರ್ಗೀಕರಣ ಬದಲು’ ಎಂಬ ಸುದ್ದಿಗಳು ಬೇರೆ.

ಹಾಗಾದರೆ ಕಣಜ ನಮ್ಮ ಪಕ್ಷವೋ ಎದುರು ಪಕ್ಷವೋ? ಬೇಡವಾದ ಮರವನ್ನು ಅದು ಕೆಡಿಸಿದರೆ ನಮಗೇನು ನಷ್ಟ? ಹೆಸರು, ಕುಟುಂಬ ಬದಲಾದರೆ ರೈತರಿಗೆ ಏನಾಗಬೇಕು?

ಮೊದಲೇ ಒಂದು ಮಾತು. ಕಣಜ ಅಂದ ಕೂಡಲೇ ಸೂರಿನಲ್ಲಿ ಗೂಡು ಕಟ್ಟಿ ಕುಟುಕುವ ಹುಳು ನೆನಪಾಗುತ್ತದೆ. ಇವು ಅದಲ್ಲ. ನೀಲಗಿರಿ ಗಂಟಿನ ಕಣಜದ ಉದ್ದ ಒಂದೂಕಾಲು ಮಿಲಿಮೀಟರ್ ಆಸುಪಾಸು. ಮನುಷ್ಯರನ್ನು ಕುಟುಕುವುದಿಲ್ಲ. ತೋಪಿನಲ್ಲಿ ಎದುರಿಗೇ ಹಾರಿ ಹೋದರೂ ಗೊತ್ತಾಗುವುದಿಲ್ಲ. ಕಾಣುವುದು ಗಂಟು ಮಾತ್ರ. ಗೊಂದಲ ಶುರುವಾಗುವುದೂ ಅಲ್ಲಿಂದಲೇ.

ಎಲ್ಲ ಗಂಟೂ ಕಣಜದ್ದಲ್ಲ

ಗಿಡ ತನ್ನ ಅಂಗಾಂಶವನ್ನೇ ಅಸಹಜವಾಗಿ ಬೆಳೆಸಿ ಕಟ್ಟುವ ಉಬ್ಬನ್ನು ಗಂಟು ಎನ್ನುತ್ತೇವೆ. ಕಟ್ಟಿಸುವವರು ಮಾತ್ರ ಬೇರೆ ಬೇರೆ. ಕೋಲಾರದ ಟೊಮೆಟೊ ಬೇರಿನಲ್ಲಿ ಕಾಣುವ ಗಂಟು ಜಂತುಹುಳುವಿನದು. ಗುಲಾಬಿ ಬುಡದ ಗಂಟು ಬ್ಯಾಕ್ಟೀರಿಯಾದ್ದು. ಹೊಂಗೆ ಎಲೆಯ ಮೇಲೆ ಮೊಡವೆಯಂತೆ ಏಳುವುದು ನುಸಿಯ ಕೆಲಸ. ಶ್ರೀನಿವಾಸಪುರದ ಮಾವಿನ ಎಲೆಗಳಲ್ಲಿ ಕಾಣುವ ಗುಳ್ಳೆಗಂಟು ಒಂದು ಬಗೆಯ ಪುಟ್ಟ ನೊಣದ್ದು.

ಕಣಜದ ಗಂಟಿಗೂ ಉದಾಹರಣೆ ದೂರವಿಲ್ಲ. ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಮಾಚಿಕಾಯಿ ಹೆಸರಿಗೆ ಕಾಯಿ, ಅಷ್ಟೇ. ಪಶ್ಚಿಮ ಏಷ್ಯಾದ ಓಕ್ ಮರದಲ್ಲಿ ಕಣಜವೊಂದು ಕಟ್ಟಿಸಿದ ಗಂಟು ಅದು. ಎಷ್ಟೋ ಮಾಚಿಕಾಯಿಗಳಲ್ಲಿ ಸಣ್ಣ ದುಂಡು ತೂತು ಇರುತ್ತದೆ. ಒಳಗಿದ್ದ ಕಣಜ ಕೊರೆದುಕೊಂಡು ಹೋದ ದಾರಿ.

ಎಲೆಯ ಮೇಲೆ ಉಬ್ಬು ಕಂಡ ತಕ್ಷಣ ‘ಕಣಜ ಬಂದಿದೆ’ ಎನ್ನುವುದಾಗಲಿ, ಎಲ್ಲದಕ್ಕೂ ಒಂದೇ ಔಷಧಿ ತರುವುದಾಗಲಿ ಹಣ ದಂಡ. ನುಸಿಯ ಔಷಧಿ ಕಣಜಕ್ಕೆ ನಾಟುವುದಿಲ್ಲ. ಕೀಟದ ಔಷಧಿ ಬ್ಯಾಕ್ಟೀರಿಯಾಕ್ಕೆ ನಾಟುವುದಿಲ್ಲ.

ನೀಲಗಿರಿಯಲ್ಲಿ ಗಂಟು ಏಳುವುದು ಹೇಗೆ

ನೀಲಗಿರಿ ಗಂಟಿನ ಕಣಜದ ಹೆಸರು ಲೆಪ್ಟೋಸೈಬೆ ಇನ್ವೇಸಾ. ಮೈ ಕಂದು, ಮೇಲೆ ನೀಲಿ-ಹಸಿರು ಹೊಳಪು. ಹೆಣ್ಣು ಕಣಜ ಆಗಷ್ಟೇ ಬಿಚ್ಚಿಕೊಳ್ಳುತ್ತಿರುವ ಚಿಗುರನ್ನೇ ಹುಡುಕುತ್ತದೆ. ಎಲೆಯ ನಡುನರ, ತೊಟ್ಟು, ಎಳೆಯ ಕಾಂಡ ಅದಕ್ಕೆ ಇಷ್ಟದ ಜಾಗ. ಅಲ್ಲಿ ಸೂಜಿಯಂಥ ಅಂಗ ಚುಚ್ಚಿ ಮೊಟ್ಟೆ ಇಡುತ್ತದೆ. ಮೊಟ್ಟೆಯ ಸುತ್ತ ಗಿಡದ ಕೋಶಗಳು ಹೆಚ್ಚುತ್ತಾ ಹೋಗಿ ಉಬ್ಬು ಮೂಡುತ್ತದೆ. ಒಳಗಿನ ಮರಿಹುಳುವಿಗೆ ಅದೇ ಮನೆ, ಅದೇ ಊಟ. ಗಂಟು ಮೊದಲು ಹಸಿರು, ಆಮೇಲೆ ಹೊಳೆಯುವ ಗುಲಾಬಿ, ಕೊನೆಗೆ ಕಂದುಗೆಂಪು. ಮೊಟ್ಟೆಯಿಂದ ರೆಕ್ಕೆ ಬರುವ ತನಕ ಸುಮಾರು ನಾಲ್ಕೂವರೆ ತಿಂಗಳು ಹಿಡಿಯುತ್ತದೆ ಎಂದು ಇಸ್ರೇಲಿನ ಪ್ರಯೋಗಾಲಯದಲ್ಲಿ ಲೆಕ್ಕ ಹಾಕಿದ್ದಾರೆ. ಹೊರಬಂದ ಕಣಜ ಬದುಕುವುದು ಕೆಲವೇ ದಿನ.

ಇದರಲ್ಲಿ ಬಹುಪಾಲು ಹೆಣ್ಣುಗಳೇ. ಗಂಡಿನ ಜೊತೆ ಕೂಡದೆಯೇ ಹೆಣ್ಣು ಮರಿಗಳನ್ನು ಹುಟ್ಟಿಸುತ್ತವೆ. ದೇಹದೊಳಗೆ ವಾಸಿಸುವ ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾಕ್ಕೂ ಇದಕ್ಕೂ ನಂಟಿದೆ. ಹೊಸ ದೇಶಕ್ಕೆ ಒಂದು ಸಸಿಯ ಜೊತೆ ಒಂದೇ ಹೆಣ್ಣು ಹೋದರೂ ಸಾಕು, ವಂಶ ಬೆಳೆಯುತ್ತದೆ. ಅದು ಅಷ್ಟು ಬೇಗ ಖಂಡಗಳನ್ನು ದಾಟಿದ್ದಕ್ಕೆ ಇದೂ ಒಂದು ಕಾರಣ.

ನಮ್ಮ ಕಡೆ ಇದಕ್ಕೆ ಇನ್ನೊಂದು ಅನುಕೂಲವಿದೆ. ನೀಲಗಿರಿಯನ್ನು ಕೆಲವು ವರ್ಷಕ್ಕೊಮ್ಮೆ ಕಡಿಯುತ್ತಾರೆ. ಬೊಡ್ಡೆ ಮತ್ತೆ ಚಿಗುರುತ್ತದೆ. ಇಡೀ ತೋಪು ಒಂದೇ ಸಲ ಎಳೆ ಚಿಗುರು ಬಿಟ್ಟರೆ ಕಣಜಕ್ಕೆ ಅದಕ್ಕಿಂತ ಇನ್ನೇನು ಬೇಕು? ದೊಡ್ಡ ಮರದಲ್ಲಿ ಗಂಟಿದ್ದರೂ ಮರ ತಡೆದುಕೊಳ್ಳುತ್ತದೆ. ನರ್ಸರಿ ಸಸಿ ಮತ್ತು ಹೊಸ ಬೊಡ್ಡೆ ಚಿಗುರು ಹಾಗಲ್ಲ. ಎಲೆ ಸುರುಟಿ, ತುದಿ ಮೊಂಡಾಗಿ, ಬೆಳವಣಿಗೆ ನಿಂತುಬಿಡುತ್ತದೆ.

ಹೆಸರು ಸಿಕ್ಕ ಮೇಲೆ ಸಿಕ್ಕ ಸುಳಿವು

ಈ ಕಣಜವನ್ನು ಜನ ಗಮನಿಸಿದ್ದು 2000ನೇ ಇಸವಿಯ ಸುಮಾರಿಗೆ, ಇಸ್ರೇಲ್ ಮತ್ತು ಮೆಡಿಟರೇನಿಯನ್ ಸುತ್ತಿನ ದೇಶಗಳಲ್ಲಿ. ಸ್ವಲ್ಪ ಸಮಯದಲ್ಲೇ ದಕ್ಷಿಣ ಭಾರತದಲ್ಲೂ ಕಂಡಿತು. ಆದರೆ ಅದಕ್ಕೆ ಹೆಸರೇ ಇರಲಿಲ್ಲ! ಹೆಸರಿಟ್ಟದ್ದು 2004ರಲ್ಲಿ. ಹಳೆಯ ಯಾವ ಕುಲಕ್ಕೂ (ಹತ್ತಿರದ ಜಾತಿಗಳ ಗುಂಪಿಗೂ) ಸರಿಹೊಂದದೆ ಅದಕ್ಕೆಂದೇ ಹೊಸ ಕುಲ ಮಾಡಬೇಕಾಯಿತು.

ಯಾಕೆ ಇಷ್ಟು ತಡ? ಅದರ ತವರು ಆಸ್ಟ್ರೇಲಿಯಾ. ಅಲ್ಲಿ ಅದು ಯಾರ ಕಣ್ಣಿಗೂ ಬೀಳುವಷ್ಟು ಹಾನಿ ಮಾಡುತ್ತಿರಲಿಲ್ಲ. ಹಾನಿ ಮಾಡದ ಒಂದು ಮಿಲಿಮೀಟರಿನ ಹುಳುವನ್ನು ಯಾರು ಹುಡುಕುತ್ತಾರೆ? ಹೊರದೇಶದಲ್ಲಿ ಕಾಟ ಕೊಟ್ಟ ಮೇಲೆ ವಿಜ್ಞಾನಿಗಳು ಅದರ ನೆಂಟರು ಯಾರು, ನೆಂಟರು ಎಲ್ಲಿನವರು ಎಂದು ಜಾಡು ಹಿಡಿದರು. ಜಾಡು ಆಸ್ಟ್ರೇಲಿಯಾಕ್ಕೆ ಹೋಯಿತು. ಕ್ವೀನ್ಸ್‌ಲ್ಯಾಂಡಿನ ಗಂಟುಗಳನ್ನು ಬಿಚ್ಚಿ ನೋಡಿದಾಗ ಒಳಗೆ ಬೇರೆ ಕಣಜಗಳೂ ಸಿಕ್ಕವು. ಅವು ಲೆಪ್ಟೋಸೈಬೆಯ ಮರಿಯನ್ನೇ ತಿಂದು ಬೆಳೆಯುವಂಥವು. ತವರಿನಲ್ಲಿ ಅದು ಮಿತಿ ಮೀರದಂತೆ ಹಿಡಿದಿಟ್ಟಿದ್ದು ಇವೇ ಎಂಬ ತರ್ಕಕ್ಕೆ ಅಲ್ಲಿ ಬಲ ಬಂತು. ಅಂಥ ಎರಡಕ್ಕೆ 2008ರಲ್ಲಿ ಹೆಸರಿಟ್ಟರು. ಅದರಲ್ಲಿ ಕ್ವಾಡ್ರಾಸ್ಟಿಕಸ್ ಮೆಂಡೆಲಿ ಎಂಬುದು ಇವತ್ತು ಭಾರತದ ನೀಲಗಿರಿಯಲ್ಲೂ ಇದೆ.

ಹೆಸರಿನಿಂದ ತವರು ಗೊತ್ತಾಯಿತು, ತವರಿನಿಂದ ಶತ್ರು ಸಿಕ್ಕಿತು. ವರ್ಗೀಕರಣವೆಂದರೆ ಮ್ಯೂಸಿಯಂನಲ್ಲಿ ಕುಳಿತು ಸುಮ್ನೆ ಲ್ಯಾಟಿನ್ ಹೆಸರು ಅಂಟಿಸುವುದು ಎಂದುಕೊಂಡವರು ಈ ಸರಪಳಿಯನ್ನು ನೋಡಬೇಕು.

ಒಂದೇ ಗಂಟು, ಹಲವು ಬಾಯಿ

ಗಂಟನ್ನು ಬಾಟಲಿಗೆ ಹಾಕಿಟ್ಟರೆ ಕೆಲವು ದಿನಕ್ಕೆ ಕಣಜ ಹೊರಬರುತ್ತದೆ. ‘ಇದೇ ಗಂಟು ತರಿಸಿದ್ದು’ ಎಂದು ಬಿಡುತ್ತೇವೆ. ಇಲ್ಲಿಯೇ ಎಡವಟ್ಟು. ಹೊರಬಂದದ್ದು ಗಂಟು ಕಟ್ಟಿಸಿದ ಕಣಜವೇ ಇರಬಹುದು. ಅದನ್ನು ತಿಂದು ಬೆಳೆದ ಪರಾವಲಂಬಿ ಕಣಜ ಇರಬಹುದು. ಆ ಪರಾವಲಂಬಿಯನ್ನೂ ತಿಂದು ಬಂದ ಮೂರನೆಯ ಕಣಜ ಇರಬಹುದು. ಇನ್ನು ಕೆಲವು ಗಂಟುಗಳಲ್ಲಿ ಬಿಟ್ಟಿ ಬಾಡಿಗೆದಾರರೂ ಇರುತ್ತಾರೆ. ತಾವು ಗಂಟು ಕಟ್ಟಿಸಲಾರರು, ಬೇರೆಯವರು ಕಟ್ಟಿಸಿದ್ದರಲ್ಲಿ ಹೋಗಿ ಸೇರಿಕೊಂಡು ಅದರ ತಿರುಳು ತಿನ್ನುತ್ತಾರೆ.

ಎಲ್ಲರೂ ಒಂದೆರಡು ಮಿಲಿಮೀಟರಿನವರು. ಎಲ್ಲರೂ ಹೊಳೆಯುವ ಮೈಯವರು. ಬರಿಗಣ್ಣಿಗಿರಲಿ, ಸಾಧಾರಣ ಭೂತಗನ್ನಡಿಗೂ ವ್ಯತ್ಯಾಸ ಸಿಗುವುದಿಲ್ಲ. ಮೀಸೆಯ ಗೆಣ್ಣು ಎಷ್ಟು, ರೆಕ್ಕೆಯ ನರ ಹೇಗೆ ಹೋಗಿದೆ, ಬೆನ್ನಿನ ಗೆರೆ ಎಲ್ಲಿದೆ, ಇಂಥವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಬೇಕು.

ಇದರ ತುತ್ತತುದಿ ನೋಡಬೇಕೆಂದರೆ ಅತ್ತಿ ಹಣ್ಣು ಬಿಚ್ಚಿ ನೋಡಿ. ಅತ್ತಿ, ಆಲ, ಅರಳಿಯ ‘ಹಣ್ಣು’ ಎನ್ನುವುದು ಒಳಮುಖವಾಗಿ ಅರಳಿದ ನೂರಾರು ಹೂಗಳ ಗೊಂಚಲು. ಅತ್ತಿಗೆ ಪರಾಗ ತರುವುದು ಸೆರಟೋಸೋಲೆನ್ ಫ್ಯುಸಿಸೆಪ್ಸ್ ಎಂಬ ಕಣಜ. ಹೆಣ್ಣು ತುದಿಯ ಇಕ್ಕಟ್ಟು ಬಾಯಿಂದ ನುಗ್ಗುತ್ತದೆ. ನುಗ್ಗುವಾಗ ರೆಕ್ಕೆ ಕಿತ್ತುಹೋಗುತ್ತದೆ. ಒಳಗೆ ಪರಾಗ ಹಚ್ಚುತ್ತಾ ಕೆಲವು ಹೂಗಳ ಅಂಡಾಶಯದಲ್ಲಿ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂ ಬೀಜವಾಗುವುದಿಲ್ಲ, ಪುಟ್ಟ ಗಂಟಾಗುತ್ತದೆ. ಉಳಿದವು ಬೀಜವಾಗುತ್ತವೆ. ಮುಂದೆ ರೆಕ್ಕೆಯಿಲ್ಲದ ಗಂಡುಗಳು ಮೊದಲು ಹೊರಬಂದು ಹೆಣ್ಣುಗಳ ಜೊತೆ ಕೂಡಿ, ಹಣ್ಣಿನ ಗೋಡೆಗೆ ತೂತು ಕೊರೆಯುತ್ತವೆ. ಹೆಣ್ಣುಗಳು ಪರಾಗ ಹೊತ್ತು ಆ ದಾರಿಯಲ್ಲಿ ಹಾರುತ್ತವೆ.

ಇಷ್ಟೇ ಆಗಿದ್ದರೆ ಸರಳ. ಹೊರಗಿನಿಂದಲೇ ಹಣ್ಣಿಗೆ ಉದ್ದನೆಯ ಸೂಜಿ ಚುಚ್ಚಿ ಒಳಗಿನ ಮರಿಗಳ ಮೇಲೆ ಮೊಟ್ಟೆ ಇಡುವ ಕಣಜಗಳೂ ಇವೆ. ಅಪೊಕ್ರಿಪ್ಟಾ ಎಂಬುದು ಅಂಥದ್ದು. ಅದರ ಸೂಜಿಯ ಹಲ್ಲುಗಳಲ್ಲಿ ಸತು ಲೋಹ ಸೇರಿಕೊಂಡು ಗಟ್ಟಿಯಾಗಿರುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2014ರಲ್ಲಿ ತೋರಿಸಿದರು. ಅತ್ತಿಯಲ್ಲಿ ಗಂಟು ರೋಗವಲ್ಲ. ಆ ಗಂಟಿಲ್ಲದಿದ್ದರೆ ಪರಾಗ ತರುವವರೇ ಇಲ್ಲ, ಬೀಜವೂ ಇಲ್ಲ.

ನೆಂಟಸ್ತನ ನೋಡಿ ಗುಣ ಹೇಳಬಹುದೇ?

ಸ್ವಲ್ಪ ಮಟ್ಟಿಗೆ ಮಾತ್ರ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರಿಗೆ ಇದು ಬೇಗ ಅರ್ಥವಾಗುತ್ತದೆ. 1980ರಲ್ಲಿ ರಾಜ್ಯಕ್ಕೆ ರೇಷ್ಮೆಹುಳುವನ್ನು ಕೊಲ್ಲುವ ಊಜಿ ನೊಣ ಬಂದಾಗಿನಿಂದ ಅದರ ಕಾಟ ಅವರಿಗೆ ಗೊತ್ತು. ಆ ನೊಣದ ಕೋಶಾವಸ್ಥೆಯನ್ನು ತಿನ್ನಲು ಹುಳು ಸಾಕುವ ಮನೆಯಲ್ಲಿ ಬಿಡುವ ನೆಸೋಲಿಂಕ್ಸ್ ಥೈಮಸ್ ಕೂಡ ಒಂದು ಪುಟ್ಟ ಕಣಜ. ಅದು ಯೂಲೋಫಿಡೇ ಕುಟುಂಬಕ್ಕೆ ಸೇರಿದ್ದು. ನೀಲಗಿರಿಗೆ ಗಂಟು ತರಿಸುವ ಲೆಪ್ಟೋಸೈಬೆಯೂ ಅದೇ ಕುಟುಂಬ, ಅದೇ ಉಪಕುಟುಂಬ. ಒಂದನ್ನು ದುಡ್ಡು ಕೊಟ್ಟು ತರುತ್ತೇವೆ, ಇನ್ನೊಂದನ್ನು ಶಪಿಸುತ್ತೇವೆ.

ಕುಟುಂಬ ದೊಡ್ಡದು, ಹಾಗಾಗಿ ಅಷ್ಟು ವ್ಯತ್ಯಾಸ ಇರಬಹುದು ಅನ್ನಿಸುತ್ತದೆ ಅಲ್ವಾ? ಕುಲದ ಮಟ್ಟಕ್ಕೆ ಇಳಿದರೂ ಕತೆ ಅದೇ. ಕ್ವಾಡ್ರಾಸ್ಟಿಕಸ್ ಮೆಂಡೆಲಿ ಗಂಟಿನ ಕಣಜವನ್ನು ಕೊಲ್ಲುವಂಥದ್ದು. ಅದೇ ಕುಲದ ಕ್ವಾಡ್ರಾಸ್ಟಿಕಸ್ ಎರಿಥ್ರಿನೇ ಸ್ವತಃ ಗಂಟು ತರಿಸುವಂಥದ್ದು. ಮೆಣಸಿನ ಬಳ್ಳಿಗೆ ಆಸರೆಯಾಗುವ ಹಾಲುವಾಣ ಮರಗಳನ್ನು ಹಲವು ದೇಶಗಳಲ್ಲಿ ಕೆಡಿಸಿದ್ದು ಇದೇ. ಮೆಗಾಸ್ಟಿಗ್ಮಸ್ ಕುಲದಲ್ಲೂ ಕೆಲವು ಬೀಜ ತಿನ್ನುತ್ತವೆ, ಕೆಲವು ಗಂಟಿನ ಕಣಜವನ್ನು ತಿನ್ನುತ್ತವೆ. ಧಾರವಾಡದ ಹೆಸರು ಹೊತ್ತ ಮೆಗಾಸ್ಟಿಗ್ಮಸ್ ಧಾರವಾಡಿಕಸ್ ನೀಲಗಿರಿ ಗಂಟಿನಲ್ಲಿ ಗಂಟಿನ ಕಣಜವನ್ನು ತಿನ್ನುವಂಥದ್ದು.

ಆದ್ದರಿಂದ ‘ಈ ಕುಟುಂಬದ್ದು, ಒಳ್ಳೆಯದು’ ಎನ್ನುವ ಮಾತಿಗೆ ಬೆಲೆ ಕಡಿಮೆ. ಜಾತಿಯ ಮಟ್ಟದ ಗುರುತೇ ಬೇಕು. ಅದೂ ಕೆಲವೊಮ್ಮೆ ಸಾಲದು. ಲೆಪ್ಟೋಸೈಬೆ ಇನ್ವೇಸಾ ಒಂದೇ ಜಾತಿ ಎಂದುಕೊಂಡಿದ್ದರಲ್ಲಿ ನೋಟಕ್ಕೆ ಒಂದೇ ಥರ ಇರುವ, ಡಿಎನ್‌ಎಯಲ್ಲಿ ಬೇರೆಯಾದ ಎರಡು ವಂಶಗಳು ಸಿಕ್ಕಿವೆ. ಪರಾವಲಂಬಿ ಎರಡರ ಮೇಲೂ ಒಂದೇ ಥರ ಕೆಲಸ ಮಾಡುತ್ತದೆ ಎಂದು ಮೊದಲೇ ನಂಬಿಕೊಳ್ಳುವ ಹಾಗಿಲ್ಲ.

ವರ್ಗೀಕರಣ ಬದಲಾದದ್ದು ಏಕೆ

ಈ ಪುಟ್ಟ ಕಣಜಗಳ ಮಹಾಗುಂಪಿಗೆ ಕ್ಯಾಲ್ಸಿಡ್ ಎನ್ನುತ್ತಾರೆ. ಹೆಸರಿಟ್ಟ ಜಾತಿಗಳೇ 20,000ಕ್ಕಿಂತ ಜಾಸ್ತಿ. ಹೆಸರಿಡದವು ಅದರ ಹಲವು ಪಟ್ಟು ಎಂಬ ಅಂದಾಜಿದೆ. ಹಿಂದೆ ಮೈಕಟ್ಟು ನೋಡಿ ಕುಟುಂಬ ಹಂಚುತ್ತಿದ್ದರು. ಎಲ್ಲಿಯೂ ಸರಿಯಾಗಿ ಕೂರದವನ್ನು ಟೆರೋಮ್ಯಾಲಿಡೇ ಎಂಬ ಕುಟುಂಬಕ್ಕೆ ಹಾಕುತ್ತಿದ್ದರು. ಅಂಗಡಿಯಲ್ಲಿ ‘ಇತರೆ’ ಎಂದು ಚೀಟಿ ಅಂಟಿಸಿದ ಡಬ್ಬದ ಹಾಗೆ. ಡಿಎನ್‌ಎ ಹೋಲಿಕೆ ಮಾಡಿದಾಗ ಆ ಡಬ್ಬದಲ್ಲಿದ್ದವು ಒಂದೇ ವಂಶದವಲ್ಲ ಎಂದು ಖಚಿತವಾಯಿತು. 2022ರಲ್ಲಿ ಅದನ್ನು ಒಡೆದು ಇಪ್ಪತ್ತಕ್ಕೂ ಹೆಚ್ಚು ಕುಟುಂಬ ಮಾಡಿದರು. ಕ್ಯಾಲ್ಸಿಡ್ ಕುಟುಂಬಗಳ ಒಟ್ಟು ಸಂಖ್ಯೆ ಸುಮಾರು 50ಕ್ಕೆ ಏರಿತು. ಅತ್ತಿ-ಆಲದ ಹಣ್ಣಿನಲ್ಲಿ ಗಂಟು ಕಟ್ಟಿಸುವ, ಆದರೆ ಪರಾಗ ತರದ ಒಂದು ಗುಂಪಿಗೆ ಸ್ವಂತ ಕುಟುಂಬ ಸಿಕ್ಕಿತು. ಮೆಗಾಸ್ಟಿಗ್ಮಸ್ ಅದಕ್ಕೂ ಮೊದಲೇ, 2018ರಲ್ಲಿ, ಹಳೆಯ ಮನೆ ಬಿಟ್ಟು ಬೇರೆ ಕುಟುಂಬವಾಗಿತ್ತು. ಮಾಚಿಕಾಯಿಯ ಕಣಜದ ಸಿನಿಪಿಡೇ ಕುಟುಂಬದಿಂದಲೂ ಗುಲಾಬಿ ಗಿಡಕ್ಕೆ ಗಂಟು ಕಟ್ಟಿಸುವ ಕಣಜಗಳು ಈಚೆಗೆ ಬೇರೆಯಾಗಿವೆ.

ಇದರ ಬಗ್ಗೆ ಎರಡು ನಿಲುವುಗಳಿವೆ. ಹೆಸರು ರಕ್ತಸಂಬಂಧವನ್ನು ತೋರಿಸಬೇಕು, ಇಲ್ಲದಿದ್ದರೆ ನೆಂಟರ ಜಾಡು ಹಿಡಿಯುವ ಕೆಲಸವೇ ಹಾಳು ಎನ್ನುವವರು ಒಂದು ಕಡೆ. ಪದೇ ಪದೇ ಬದಲಿಸಿದರೆ ಕ್ವಾರಂಟೈನ್ ಪಟ್ಟಿ, ಆಮದು ಪರವಾನಗಿ, ಪಠ್ಯಪುಸ್ತಕ ಎಲ್ಲ ಹಳೆಯ ಹೆಸರಿನಲ್ಲೇ ಉಳಿದು ಗೊಂದಲ ಹೆಚ್ಚುತ್ತದೆ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ತೂಕ ಮೊದಲನೆಯದಕ್ಕೇ ಜಾಸ್ತಿ. ಲೆಪ್ಟೋಸೈಬೆಯ ಶತ್ರು ಸಿಕ್ಕಿದ್ದು ನೆಂಟಸ್ತನದ ಜಾಡು ಸರಿಯಾಗಿದ್ದುದರಿಂದ. ಕಚೇರಿಯ ಪಟ್ಟಿಯನ್ನು ತಿದ್ದಬಹುದು, ತಪ್ಪು ಜಾಡಿನಲ್ಲಿ ಕಳೆದ ವರ್ಷಗಳು ಮರಳಿ ಬರುವುದಿಲ್ಲ. ಇನ್ನು ನಮ್ಮ ರೈತರ ಮಟ್ಟಿಗೆ ಹೇಳುವುದಾದರೆ, ಲೆಪ್ಟೋಸೈಬೆ, ನೆಸೋಲಿಂಕ್ಸ್ ಎರಡೂ ಇದ್ದ ಕುಟುಂಬದಲ್ಲೇ ಇವೆ. ಅವರು ಕೊಳ್ಳುವ ಪೊಟ್ಟಣದಲ್ಲಿ ಏನೂ ಬದಲಾಗಿಲ್ಲ.

‘ನೀಲಗಿರಿ ತಾನೇ, ಹೋಗಲಿ ಬಿಡಿ’

ಈ ಮಾತಿನ ಹಿಂದೆ ದೊಡ್ಡ ಇತಿಹಾಸವಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟಕ್ಕೆ ನೀಲಗಿರಿ ಬಂತು ಎನ್ನುತ್ತದೆ ಅರಣ್ಯ ಇತಿಹಾಸ. ‘ಮೈಸೂರು ಗಮ್’ ಎಂಬ ಹೆಸರುವಾಸಿ ತಳಿ ಹುಟ್ಟಿದ್ದು ಆ ಬೆಟ್ಟದ ಮರಗಳಿಂದಲೇ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಕೋಲಾರದ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಹಾಕಿದ್ದರು. ನೀರು ಹೀರುತ್ತದೆ, ಹೊಲದ ಕೂಲಿ ಕೆಲಸ ಕಸಿಯುತ್ತದೆ ಎಂಬ ದೂರಿಗೆ ಸರ್ಕಾರ ನಿಷೇಧದ ಮೂಲಕ ಓಗೊಟ್ಟದ್ದು 2017ರಲ್ಲಿ. ಈ ಹಿನ್ನೆಲೆಯಲ್ಲಿ ಕಣಜವನ್ನು ‘ಪುಕ್ಕಟೆ ಕೂಲಿಯಾಳು’ ಎಂದು ನೋಡುವವರಿದ್ದರೆ ಆಶ್ಚರ್ಯವಿಲ್ಲ.

ಇದಕ್ಕೆ ಹೊರದೇಶದ ಉದಾಹರಣೆಯೂ ಇದೆ. ದಕ್ಷಿಣ ಆಫ್ರಿಕಾದಲ್ಲಿ ಕಳೆಯಾಗಿ ಹಬ್ಬಿದ ಒಂದು ಆಸ್ಟ್ರೇಲಿಯಾ ಅಕೇಶಿಯಾದ ಮೇಲೆ 1980ರ ದಶಕದಲ್ಲಿ ಗಂಟಿನ ಕಣಜವನ್ನು ಬೇಕೆಂದೇ ಬಿಟ್ಟರು. ಹೂಮೊಗ್ಗುಗಳು ಗಂಟಾಗಿ ಬೀಜ ಬಹಳ ಕಡಿಮೆಯಾಯಿತು.

ಆದರೆ ಆ ಲೆಕ್ಕ ಇಲ್ಲಿ ಕೂಡುವುದಿಲ್ಲ. ಆ ಅಕೇಶಿಯಾ ಹಬ್ಬುತ್ತಿದ್ದದ್ದು ಬೀಜದಿಂದ. ಕೋಲಾರದ ನೀಲಗಿರಿ ಉಳಿದಿರುವುದು ಬೊಡ್ಡೆಯಿಂದ. ಗಂಟು ಬಂದ ಚಿಗುರು ಕುಂಠಿತವಾಗುತ್ತದೆ, ಬೊಡ್ಡೆ ಸಾಯುವುದಿಲ್ಲ. ಬೇರು ಅಲ್ಲೇ ಇರುತ್ತದೆ, ಮತ್ತೆ ಚಿಗುರುತ್ತದೆ. ಮಾಲೀಕನಿಗೆ ಮರ ಮಾರಿ ಬೊಡ್ಡೆ ಕೀಳಿಸುವಷ್ಟು ಹಣ ಕೈಗೆ ಬರುವುದಿಲ್ಲ. ಜೆಸಿಬಿ ತರಿಸಿ ಬೊಡ್ಡೆ ತೆಗೆಸುವುದು ಅಗ್ಗದ ಕೆಲಸವಲ್ಲ. ಫಸಲು ಕೈಕೊಟ್ಟ ತೋಪು ಹಾಗೆಯೇ ಬಿದ್ದಿರುತ್ತದೆ, ಅಲ್ಲಿಂದ ಕಣಜ ಪಕ್ಕದ ತೋಪಿಗೆ ಹಾರುತ್ತದೆ. ನೀಲಗಿರಿ ಹೋಗಬೇಕು ಎನ್ನುವವರಿಗೂ ಕಣಜದಿಂದ ಲಾಭ ಕಡಿಮೆ.

ಬೆಳೆಗಾರರು ಮತ್ತು ಕಾಗದ ಉದ್ಯಮದವರ ವಾದ ಬೇರೆ: ಈಗಿರುವ ಮರಗಳನ್ನಾದರೂ ಉಳಿಸಿಕೊಳ್ಳೋಣ, ಪರಾವಲಂಬಿ ಬಿಡಿ, ತಡೆದುಕೊಳ್ಳುವ ತಳಿ ಕೊಡಿ. ಇನ್ನೊಂದು ಗುಂಪು, ಹೊರಗಿನ ಒಂದು ಕಣಜಕ್ಕೆ ಹೊರಗಿನ ಇನ್ನೊಂದನ್ನು ತಂದರೆ ನಾಳೆ ಅದೇ ಕಾಟವಾದರೆ ಎಂದು ಕೇಳುತ್ತದೆ. ನ್ಯಾಯವಾದ ಪ್ರಶ್ನೆ. ಅದಕ್ಕಾಗಿಯೇ ಬಿಡುವ ಮೊದಲು ಪ್ರತ್ಯೇಕ ಕೋಣೆಯಲ್ಲಿಟ್ಟು ಬೇರೆ ಕೀಟ, ಬೇರೆ ಗಂಟಿನ ಮೇಲೆ ಬೀಳುತ್ತದೆಯೇ ಎಂದು ಪರೀಕ್ಷಿಸುವ ನಿಯಮವಿದೆ. 2010ರಲ್ಲಿ ಪೋರ್ಟೊ ರಿಕೊದಿಂದ ತರಿಸಿದ ಅಸೆರೊಫೇಗಸ್ ಎಂಬ ಕಣಜ ಪಪ್ಪಾಯದ ಹಿಟ್ಟು ತಿಗಣೆಯನ್ನು ಹತೋಟಿಗೆ ತಂದಿತು. ಹಿಪ್ಪುನೇರಳೆ ತೋಟಗಳಿಗೂ ಅದರಿಂದ ಉಸಿರು ಬಂತು. ಎಲ್ಲವೂ ಹಾಗೇ ಗೆಲ್ಲುತ್ತವೆ ಎಂದಲ್ಲ. ಪರೀಕ್ಷೆ ಸರಿಯಾಗಿದ್ದರೆ ಅಪಾಯ ತೀರಾ ಕಡಿಮೆ.

ಮದ್ದು ಹೊಡೆದರೆ ಏನಾಗುತ್ತದೆ

ಗಂಟು ಕಟ್ಟಿಸಿದ ಮರಿಹುಳು ಗಂಟಿನ ಒಳಗಿದೆ. ಮೇಲೆ ಹೊಡೆದ ಔಷಧಿ ಅದಕ್ಕೆ ಮುಟ್ಟುವುದು ಕಷ್ಟ. ಹೊರಗೆ ಓಡಾಡುತ್ತಿರುವುದು ಯಾರು? ಮೊಟ್ಟೆ ಇಡಲು ಗಂಟು ಹುಡುಕುವ ಪರಾವಲಂಬಿ. ಸಾಯುವುದು ಮೊದಲು ಅದು. ಕೆಲವು ತಿಂಗಳ ಮೇಲೆ ಒಳಗಿದ್ದ ಗಂಟಿನ ಕಣಜ ಹೊರಬಂದಾಗ ತಡೆಯುವವರೇ ಇರುವುದಿಲ್ಲ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆ ಇನ್ನೊಂದು ತೊಡಕು. ನೀಲಗಿರಿ ತೋಪಿನ ಪಕ್ಕದಲ್ಲೇ ಹಿಪ್ಪುನೇರಳೆ ಇರುವುದು ಅಪರೂಪವಲ್ಲ. ಗಾಳಿಗೆ ಔಷಧಿ ಹಾರಿ ಆ ಸೊಪ್ಪಿಗೆ ಬಿದ್ದರೆ, ತಿಂದ ರೇಷ್ಮೆಹುಳು ಉಳಿಯುವುದಿಲ್ಲ. ಮಾವಿನ ತೋಪು ಪಕ್ಕದಲ್ಲಿದ್ದರೆ ಹೂ ಬಿಡುವ ಕಾಲದಲ್ಲಿ ಜೇನು ಮತ್ತು ನೊಣಗಳಿಗೆ ಏಟು. ನರ್ಸರಿಯಲ್ಲಿ ಗಂಟಿರುವ ಸಸಿ ಕಿತ್ತು ಸುಡುವುದು, ಅಲ್ಲಿಂದ ಸಸಿ ಸಾಗಿಸದಿರುವುದು ಇದಕ್ಕಿಂತ ಕೆಲಸಕ್ಕೆ ಬರುವ ಉಪಾಯ.

ಗುರುತು ಹಿಡಿಸಬೇಕೆಂದರೆ

ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋಟೋ ಕಳಿಸುವುದು ಈಗ ರೂಢಿ. ಗಂಟಿನ ಫೋಟೋ ನೋಡಿ ಗಿಡ ಯಾವುದು, ಗಂಟು ಯಾವ ಥರದ್ದು ಎಂದು ಹೇಳಬಹುದು. ಒಳಗಿರುವ ಕಣಜದ ಜಾತಿ ಹೇಳಲಾಗದು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದಂಥ ಕಡೆ ಇದಕ್ಕೆ ತಜ್ಞರೂ ಹೋಲಿಸಿ ನೋಡಲು ಕೀಟ ಸಂಗ್ರಹವೂ ಇವೆ. ಅವರಿಗೆ ಬೇಕಾದದ್ದು ಇಷ್ಟು: ಬೇರೆ ಬೇರೆ ಬಣ್ಣದ, ಅಂದರೆ ಬೇರೆ ಬೇರೆ ವಯಸ್ಸಿನ ಗಂಟುಗಳಿರುವ ಟೊಂಗೆ. ಬಟ್ಟೆ ಕಟ್ಟಿದ ಬಾಟಲಿಯಲ್ಲಿ ಇಟ್ಟ ಗಂಟಿನಿಂದ ಹೊರಬಂದ ಎಲ್ಲ ಕಣಜಗಳು, ಒಂದನ್ನೂ ಆರಿಸಿ ಬಿಸಾಡದೆ, ಸ್ಪಿರಿಟ್‌ನಲ್ಲಿ ಮುಳುಗಿಸಿ. ಜೊತೆಗೆ ಗಿಡದ ಹೆಸರು, ಊರು, ದಿನಾಂಕ. ಮೊದಲು ಬಂದದ್ದು ಯಾವುದು, ಆಮೇಲೆ ಬಂದದ್ದು ಯಾವುದು ಎಂದು ಬೇರೆ ಬೇರೆ ಸೀಸೆಯಲ್ಲಿ ಇಟ್ಟಿದ್ದರೆ ಇನ್ನೂ ಒಳ್ಳೆಯದು. ಗಂಟು ಕಟ್ಟಿಸಿದ್ದು ಯಾರು, ಅದನ್ನು ತಿಂದದ್ದು ಯಾರು ಎಂಬುದನ್ನು ಬಿಡಿಸಲು ಆ ಸರದಿಯೂ ಒಂದು ಸುಳಿವು. ಕೊನೆಯ ತೀರ್ಮಾನಕ್ಕೆ ಹಸಿ ಗಂಟನ್ನು ಸೀಳಿ, ಯಾವ ಮರಿ ಗಿಡದ ತಿರುಳು ತಿನ್ನುತ್ತಿದೆ, ಯಾವುದು ಪಕ್ಕದ ಮರಿಗೆ ಬಾಯಿ ಹಾಕಿದೆ ಎಂದು ನೋಡಬೇಕಾಗುತ್ತದೆ. ಅದಕ್ಕೇ ಟೊಂಗೆ ಒಣಗುವ ಮೊದಲೇ ತಲುಪಿಸಬೇಕು.